ಕಾರ್ಬುರೇಟರ್ ಕಾಣೆಯಾದ ದಿನ

ಅಳಿಯ ನೋಡುತ್ತಿದ್ದಂತೆ ಅವನ ಬಾಮೈದ ಕಾರಿನ ಬಾನೆಟ್ಟಿನೊಳಗೆ ಬಗ್ಗಿ, ಎಂಜಿನ್ನಿನ ಮೇಲೆ ಹೊದಿಸಿದ್ದ ಹಸಿರು ಬಟ್ಟೆಯನ್ನು ಸರ್ರನೆ ಎಳೆದ. ಎಳೆದವನು ಹಾಗೆಯೇ ನಿಂತುಬಿಟ್ಟ.

"ಅಪ್ಪಾ — ಇಲ್ಲೇನೂ ಇಲ್ವಲ್ಲ!"

"ಏನೂ ಇಲ್ಲ ಅಂದ್ರೆ?" ಮಾವ ಕೇಳಿದರು.

"ಕಾರ್ಬುರೇಟರ್ ಇಲ್ಲ. ಬರೀ ತೂತು!"

ಕಾರ್ಬುರೇಟರ್ ಎಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ, ಎರಡು ಮುಷ್ಟಿ ಗಾತ್ರದ ಸಾಮಾನು. ಅದಿಲ್ಲದಿದ್ದರೆ ಕಾರು ಬರೀ ತಗಡು. ಆ ತಗಡನ್ನು ಮಾವ ಗುಜರಿ ಅಂಗಡಿಯಿಂದ ಎಳೆಸಿಕೊಂಡು ಬಂದು, ಕೆಲಸದಿಂದ ನಿವೃತ್ತರಾದಾಗಿನಿಂದ ಮನೆಗೆ ಅಂಟಿಕೊಂಡ ಈ ಗ್ಯಾರೇಜಿನಲ್ಲಿ ಬಿಚ್ಚಿ, ಉಜ್ಜಿ, ಜೋಡಿಸಿ, ಬಣ್ಣ ಬಳಿದು ಕಾರು ಮಾಡಿದ್ದರು. ಇವತ್ತು ಸಂಜೆ ಅದರ ಮೊದಲ ಸವಾರಿ. ಸ್ಟೀರಿಂಗ್ ಹಿಡಿದು ತಾತ, ಪಕ್ಕದ ಸೀಟಿನಲ್ಲಿ ಮೊಮ್ಮಗಳು ಪುಟ್ಟಿ. ಆ ಪೋರಿ ಬೆಳಗಿನಿಂದಲೇ ಹೊಸ ಫ್ರಾಕು ಹಾಕಿಕೊಂಡು ಕುಣಿಯುತ್ತಿದ್ದಳು.

ಮಾವ ನೆಟ್ಟಗೆ ನಡೆದುಹೋಗಿ ಗ್ಯಾರೇಜಿನ ಶಟರ್ ಎಳೆದರು. ಬೀಗ ಜಡಿದು ಕೀಲಿ ಜೇಬಿಗೆ ಹಾಕಿಕೊಂಡರು.

"ಸಾಮಾನು ಸಿಗೋವರೆಗೂ ಇಲ್ಲಿಂದ ಒಬ್ಬರೂ ಹೊರಗೆ ಹೋಗೋ ಹಾಗಿಲ್ಲ."

ಯಾರೂ ಇನ್ನೂ ಅಳಿಯನ ಹೆಸರೆತ್ತಿರಲಿಲ್ಲ. ಆದರೆ ಎಲ್ಲರ ಕಣ್ಣೂ ಅವನತ್ತ ತಿರುಗಿದ್ದವು, ಕೈ ಹಿಡಿದ ಹೆಂಡತಿಯದೂ ಸೇರಿ. ಒಳಗೆ ಬಣ್ಣದ ವಾಸನೆ, ಪೆಟ್ರೋಲಿನ ವಾಸನೆ, ಐದು ಜನರ ಬೆವರು. ಇರುವುದು ಒಂದೇ ಕಿಟಕಿ. ಅದೂ ಅಡುಗೆಮನೆಗೆ ತೆರೆಯುವಂಥದು, ಕಂಬಿ ಹಾಕಿದ್ದು. ಕಂಬಿಯಾಚೆ ಪುಟ್ಟಿಯನ್ನು ಸೊಂಟಕ್ಕೆ ಎತ್ತಿಕೊಂಡು ಅತ್ತೆ ನಿಂತಿದ್ದರು. ಸಂಜೆ ಹೊತ್ತು ಮಾವನ ಪಕ್ಕ ಕೈದೀಪ ಹಿಡಿದು ನಿಲ್ಲುವುದೂ, ಹೊತ್ತು ಹೊತ್ತಿಗೆ ಆ ಕಿಟಕಿಯಿಂದ ಚಹಾ ತಂದು ನೀಡುವುದೂ ಅವರೇ. ಈಗ ಅವರ ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಅಣ್ಣ, ಅಪರೂಪಕ್ಕೆ ಕರೆಸಿ ಕೂಡಿಹಾಕಿದೆಯಲ್ಲ, ಭೇಷ್!" ಎಂದಳು ವಿಮೆಯಮ್ಮ.

ವಿಮೆಯಮ್ಮ ಮಾವನ ತಂಗಿ. ಸುಟ್ಟ ಗೋದಾಮು, ಕಳುವಾದ ಕಾರು, ಮುಳುಗಿದ ದೋಣಿ — ಇಂಥವುಗಳ ಹಿಂದಿರುವ ಸುಳ್ಳನ್ನು ಹೆಕ್ಕಿ ತೆಗೆಯುವುದೇ ವಿಮಾ ಕಂಪನಿಯಲ್ಲಿ ಅವಳ ಕೆಲಸವಾಗಿತ್ತು. ಕೆಲಸ ಬಿಟ್ಟರೂ ಹೆಸರು ಬಿಟ್ಟಿರಲಿಲ್ಲ. ಅವಳು ಒಂದು ಹಳೆಯ ಟಯರಿನ ಮೇಲೆ ಕೂತು ಸೆರಗಿನಿಂದ ಗಾಳಿ ಬೀಸಿಕೊಳ್ಳತೊಡಗಿದಳು.

"ಸರಿ. ಕೊನೇ ಸಲ ಅದನ್ನ ನೋಡಿದ್ದು ಯಾರು?"

"ನಾನೇ. ನಿನ್ನೆ ಸಂಜೆ ಕೂರಿಸಿ, ಸಂದಿಗೆ ಗೋಂದು ಹಚ್ಚಿದ್ದೆ. ಆ ಗೋಂದು ಒಂದು ದಿನ ಒಣಗಬೇಕು, ಅಲ್ಲಿವರೆಗೆ ಬೆರಳೂ ತಾಕಿಸೋ ಹಾಗಿಲ್ಲ. ಇವತ್ತು ತಿಂಡಿ ಆದ್ಮೇಲೆ ಬಂದು ಆ ಕೆಂಪು ಬಟ್ಟೆ ಎತ್ತಿದೆ, ಕಣ್ಣಾರೆ ನೋಡಿದೆ. ಫಳಫಳ ಅಂತಿತ್ತು. ಮುಚ್ಚಿಟ್ಟು ಹೋದೆ."

"ಆಮೇಲೆ?"

"ಆಮೇಲೆ ಊಟದವರೆಗೂ ಇಲ್ಲಿ ಇದ್ದದ್ದು ಒಬ್ಬನೇ." ಮಾವ ಬೆರಳು ತೋರಿಸಿದರು. "ಇವನು!"

ಮದುವೆಯಾದಾಗಿನಿಂದ 'ನೀವು' ಎಂದೇ ಕರೆಯುತ್ತಿದ್ದ ಮಾವ!

"ಫ್ಯಾನ್ ರಿಪೇರಿ ಮಾಡ್ತಿದ್ದೆ ಅತ್ತೆ," ಎಂದ ಅಳಿಯ, ವಿಮೆಯಮ್ಮನಿಗೆ. "ನಮ್ಮ ಕೋಣೆಯದು, ಕಿರಗುಟ್ಟುತ್ತಿತ್ತು. ಕಾರಿನ ಹತ್ರ ಸುಳಿದೂ ಇಲ್ಲ."

"ಬೇರೆ ಯಾರಾದ್ರೂ ಬಂದ್ರಾ?"

ಅಳಿಯ ತಡವರಿಸಿದ. "ಇಲ್ಲ" ಎಂದರೆ ತಾನೇ ಸಿಕ್ಕಿಬೀಳುತ್ತೇನೆ. "ಬಂದರು" ಎಂದರೆ ಸುಳ್ಳು.

"ಇಲ್ಲ. ಯಾರೂ ಬರಲಿಲ್ಲ."

"ಕೇಳಿದೆಯಾ?" ಮಾವ ಗುಡುಗಿದರು. "ಅವನ ಬಾಯಲ್ಲೇ ಬಂತು!"

"ನೀನು ಸ್ವಲ್ಪ ಸುಮ್ಮನಿರು ಅಣ್ಣ. ಏನಪ್ಪಾ ಮಗರಾಯ, ನಿನ್ನ ಕಥೆ ಏನು? ಗ್ಯಾರೇಜು ಖಾಲಿ ಮಾಡಿಸಿ ಡ್ರಮ್ ಬಾರಿಸಬೇಕು ಅಂತ ತುದಿಗಾಲಲ್ಲಿ ನಿಂತಿರೋನು ನೀನೇ ಅಲ್ವಾ?"

ಬಾಮೈದ ಹೌಹಾರಿದ. "ಅಯ್ಯೋ ಅತ್ತೆ! ಬೆಳಿಗ್ಗೆ ಎದ್ದವನೇ ನಿಮ್ಮನ್ನ ಕರ್ಕೊಂಡು ಬರೋಕೆ ಬಂದೆನಲ್ಲ! ನೀವು ತಲೆ ಬಾಚಿ ಮುಗಿಸೋಷ್ಟರಲ್ಲಿ ನಾನು ಹಣ್ಣಾಗಿಹೋದೆ."

"ಅದೂ ನಿಜಾನೇ," ಎಂದು ಒಪ್ಪಿಕೊಂಡಳು ವಿಮೆಯಮ್ಮ.

ಅಲ್ಲಿಗೆ ಅಳಿಯನಿಗೆ ಉಳಿದಿದ್ದ ಒಂದು ಸಂದಿಯೂ ಮುಚ್ಚಿತು. ಅವನು ಶಟರಿನತ್ತ ನೋಡಿದ. ಅದರ ಕೆಳಗೆ ದಾರದಷ್ಟು ಬೆಳಕು ಕಾಣುತ್ತಿತ್ತು.

"ಇವನು ಯಾಕೆ ಅದನ್ನ ಕದೀಬೇಕು ಅಣ್ಣ?" ವಿಮೆಯಮ್ಮ ಕೇಳಿದಳು.

"ಹೋದ ವಾರ ನಾನು ಹೊರಗೆ ಹೋದಾಗ ಈ ಮಹಾಶಯ ನನ್ನ ಗ್ಯಾರೇಜನ್ನೇ ತಲೆಕೆಳಗು ಮಾಡಿಟ್ಟ! ಎಲ್ಲಿತ್ತೋ ಅಲ್ಲಿ ಒಂದು ಸಾಮಾನಿಲ್ಲ. ಉಗಿದೆ. ಅದಕ್ಕೆ ಇವನೇನಂದ ಗೊತ್ತಾ? ಈ ಕಾರು ಯಾವತ್ತೂ ರಸ್ತೆಗಿಳಿಯಲ್ಲ, ಬೇಕಾದ್ರೆ ಬರೆದಿಟ್ಕೊಳ್ಳಿ ಅಂದ!"

ಅಂದದ್ದು ಹೌದು. ಅಳಿಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವನು. ಮಾತ್ರೆ ಮಾತ್ರೆಗೂ ಜಾಗ, ಜಾಗಕ್ಕೊಂದು ಚೀಟಿ. ಮಾವನಿಗೆ ಖುಷಿಯಾಗಲಿ ಎಂದು ಒಂದು ಇಡೀ ಭಾನುವಾರ ಕೂತು ಸ್ಪ್ಯಾನರುಗಳನ್ನೆಲ್ಲ ಸಾಲಾಗಿ ಗೋಡೆಗೆ ನೇತುಹಾಕಿ, ಮುದ್ದಾದ ಅಕ್ಷರದಲ್ಲಿ ಚೀಟಿ ಅಂಟಿಸಿದ್ದ. ಮಾವ ಬಂದವರೇ ಚೀಟಿಗಳನ್ನೆಲ್ಲ ಪರಪರ ಹರಿದು ಹಾಕಿದ್ದರು. ಸಿಟ್ಟು ಬಾರದೆ ಇರುತ್ತದೆಯೇ?

"ಒಂದು ಮಾತು ಹೇಳ್ತೀನಿ ಕೇಳು," ಮಾವ ಅಳಿಯನತ್ತ ತಿರುಗಿದರು. "ಸಾಮಾನು ಸಿಗಲಿಲ್ಲವೋ, ನಾಳೆ ಬೆಳಿಗ್ಗೆ ನೀನು ಗಂಟುಮೂಟೆ ಕಟ್ಟು. ನನ್ನ ಮಗಳು, ಮೊಮ್ಮಗಳು ಇಲ್ಲೇ ಇರ್ತಾರೆ."

ಅಳಿಯ ಹೆಂಡತಿಯತ್ತ ನೋಡಿದ. ಅವಳು ನೆಲ ನೋಡುತ್ತ ಮೆಲ್ಲಗೆ ಕೇಳಿದಳು:

"ನಿಜ ಹೇಳಿ... ಸಿಟ್ಟಲ್ಲಿ ಎಲ್ಲಾದ್ರೂ ಎತ್ತಿಟ್ಟಿದೀರಾ?"

ಮಾವನ ಗುಡುಗು ತಡೆದುಕೊಂಡಿದ್ದ. ಈ ಪಿಸುಮಾತು ತಡೆಯಲಾಗಲಿಲ್ಲ. ಕಿಟಕಿಯಾಚೆ ಅತ್ತೆ ಏನೋ ಹೇಳಲು ಬಾಯಿ ತೆರೆದರು, ಪುಟ್ಟಿಯ ತಲೆ ನೇವರಿಸಿ ಮತ್ತೆ ಮುಚ್ಚಿಕೊಂಡರು.

ವಿಮೆಯಮ್ಮ ಅದನ್ನು ನೋಡಿದಳು. ಮೊಣಕಾಲಿಗೆ ಕೈಯೂರಿ ಎದ್ದು ಬಾನೆಟ್ಟಿನೊಳಗೆ ಬಗ್ಗಿದಳು.

"ಅಣ್ಣ, ಕಾರ್ಬುರೇಟರ್ ಕೂರಿಸೋದು ಎರಡು ಬೋಲ್ಟಿನ ಮೇಲೆ ಅಲ್ವಾ? ಕಳ್ಳ ಸಾಮಾನು ತಗೊಂಡು ಹೋಗಿದಾನೆ. ಆದ್ರೆ ಎರಡೂ ನಟ್ಟು ಬೋಲ್ಟಿನ ಮೇಲೇ ಇದೆ. ಕೈಯಲ್ಲೇ ತಿರುಗಿಸಿ ಕೂರಿಸಿದಾನೆ."

"ಅದು ನನ್ನ ಪದ್ಧತಿ," ಎಂದರು ಮಾವ, ಸಿಟ್ಟಿನಲ್ಲೂ ಹೆಮ್ಮೆ ಬಿಡದೆ. "ಬಿಚ್ಚಿದ ನಟ್ಟು ಅದರದೇ ಬೋಲ್ಟಿಗೆ ವಾಪಸ್ ಏರಬೇಕು. ಇಲ್ಲದಿದ್ರೆ ಜೋಡಿಸೋವಾಗ ಹುಡುಕಿ ಸಾಯಬೇಕು."

"ಈಗ ನಿನ್ನ ಅಳಿಯನ ಫ್ಯಾನ್ ನೋಡು." ಮೇಜಿನ ಮೇಲೆ ಫ್ಯಾನು ಕೈಕಾಲು ಕಳಚಿ ಬಿದ್ದಿತ್ತು. ಅದರ ಸ್ಕ್ರೂಗಳೆಲ್ಲ ಡಬ್ಬಿಯ ಮುಚ್ಚಳಗಳಲ್ಲಿ ಅಳತೆವಾರು ಬೇರೆ ಬೇರೆಯಾಗಿದ್ದವು. "ಇವನು ಬಿಚ್ಚಿದ್ದನ್ನೆಲ್ಲ ಮುಚ್ಚಳದಲ್ಲಿ ವಿಂಗಡಿಸಿ ಇಡ್ತಾನೆ. ನಿನ್ನ ಮೇಲಿನ ಸಿಟ್ಟಿಗೆ ಕದಿಯೋನು ನಿನ್ನ ಪದ್ಧತಿ ಯಾಕೆ ಪಾಲಿಸ್ತಾನೆ? ಈ ಕಳ್ಳನಿಗೆ ನಿನ್ನ ಕೆಲಸ ಗೊತ್ತು. ಈ ಸಾಮಾನು ಇವತ್ತಲ್ಲ ನಾಳೆ ವಾಪಸ್ ಇಲ್ಲೇ ಕೂರಬೇಕು ಅನ್ನೋ ಆಸೇನೂ ಇದೆ."

"ಆದ್ರೆ ತಿಂಡಿ ಆದ್ಮೇಲೆ ಇಲ್ಲಿ ಇದ್ದದ್ದು ಇವನೊಬ್ಬನೇ ಅಲ್ವೇನೇ!"

"ತಿಂಡಿ ಆದ್ಮೇಲೆ ಅಂತ ಹೇಳ್ತಿರೋನು ನೀನೊಬ್ಬನೇ ಅಣ್ಣ." ವಿಮೆಯಮ್ಮ ಎಂಜಿನ್ನಿನ ಪಕ್ಕ ಬಿದ್ದಿದ್ದ ಬಟ್ಟೆಯನ್ನೆತ್ತಿ ಮಾವನ ಮುಖದೆದುರು ಹಿಡಿದಳು. "ಇದು ಯಾವ ಬಣ್ಣ?"

"ಇದೇನಿದು ಮಕ್ಕಳಾಟ! ಕೆಂಪು."

"ಅಪ್ಪಾ..." ಮಗಳು ತಲೆಯೆತ್ತಿದಳು. "ಅದು ಹಸಿರು ಅಪ್ಪಾ."

ಮಾವ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಬೆನ್ನು ಶಟರಿಗೆ ತಾಗಿತು. ಬೀಗ ಹಾಕಿದವರೇ ಅದಕ್ಕೆ ಆತುಕೊಂಡು ನಿಲ್ಲುವಂತಾಯಿತು.

ವಿಮೆಯಮ್ಮನ ದನಿ ಈಗ ಮೆತ್ತಗಾಗಿತ್ತು. "ಕೆಂಪು ಬಟ್ಟೆ ಹಿತ್ತಲ ತಂತಿ ಮೇಲಿದೆ. ಊಟಕ್ಕೆ ಮುಂಚೆ ನಾನು ಬರೋವಾಗಲೇ ಗರಿಗರಿಯಾಗಿ ಒಣಗಿತ್ತು. ಅಂದ್ರೆ ಬೆಳಿಗ್ಗೆನೇ ಒಗೆದದ್ದು, ನಿನ್ನ ತಿಂಡಿಗೂ ಮುಂಚೆ. ಹಸಿ ಗೋಂದಿನ ಸಾಮಾನು ಕೀಳೋವಾಗ ಗೋಂದು ಬಟ್ಟೆಗೂ ಮೆತ್ತಿಕೊಂಡಿರುತ್ತೆ. ಹಾಗಾಗಿ ಅದನ್ನ ಒಗೆಯೋಕೆ ಹಾಕಿ ಈ ಹಸಿರು ಬಟ್ಟೆ ಹೊದಿಸಿದ್ರು. ನೀನು ಬಂದು ಬಟ್ಟೆ ಎತ್ತಿದಾಗ ಕೆಳಗೆ ಕಾರ್ಬುರೇಟರ್ ಇರಲೇ ಇಲ್ಲ. ಕೈಯಾಡಿಸಿದ್ರೆ ತಕ್ಷಣ ಗೊತ್ತಾಗ್ತಿತ್ತು. ಆದ್ರೆ ಗೋಂದು ಒಣಗೋವರೆಗೆ ಮುಟ್ಟೋ ಹಾಗಿಲ್ಲ. ಬರೀ ಕಣ್ಣಲ್ಲೇ ನೋಡಬೇಕು. ನೋಡಿದ ಹಾಗೆ ಮಾಡಿದೆ, ಅಷ್ಟೇ. ಎಷ್ಟು ದಿನದಿಂದ ಕಾಣ್ತಿಲ್ಲ ಅಣ್ಣ?"

"ಪಕ್ಕದ್ದು ಕಾಣುತ್ತೆ," ಎಂದರು ಮಾವ. "ಎದುರಿಗಿರೋದು ಕಾಣಲ್ಲ. ನಡುವೆ ಏನೋ ಮಸಿ ಬಳಿದ ಹಾಗಿದೆ. ದಿನಾ ಹರಡ್ತಿದೆ. ಇಲ್ಲಿ ಮಾತ್ರ ಪರವಾಗಿಲ್ಲ... ಇಲ್ಲಿ ಯಾವುದು ಎಲ್ಲಿದೆ ಅಂತ ಕೈಗೇ ಗೊತ್ತು."

ಅಳಿಯನಿಗೆ ಒಮ್ಮೆಲೇ ಎಲ್ಲ ಹೊಳೆಯಿತು. ಕೈಗೆ ಗೊತ್ತಿದ್ದ ಜಾಗಗಳನ್ನೆಲ್ಲ ಅಳಿಸಿ ಹಾಕಿದವನು ತಾನು! ಓದಲಾಗದವರ ಮುಂದೆ ಮುದ್ದಾದ ಅಕ್ಷರದ ಚೀಟಿ ಅಂಟಿಸಿದವನು ತಾನು. ಅಯ್ಯೋ ದೇವರೇ, ಎಂದುಕೊಂಡ.

"ಹಾಗಾದ್ರೆ ಕದ್ದದ್ದು ಯಾರು ಅತ್ತೆ?" ಬಾಮೈದನಿಗೆ ಇನ್ನೂ ತಲೆಬುಡ ಹತ್ತಿರಲಿಲ್ಲ.

"ಇವನಿಗೆ ಕಣ್ಣು ಕಾಣಲ್ಲ ಅಂತ ಗೊತ್ತಿದ್ದವರು. ಇವನು ನಟ್ಟು ಏರಿಸೋದನ್ನ ದಿನಾ ಪಕ್ಕದಲ್ಲೇ ನಿಂತು ನೋಡಿದವರು. ಈ ಮನೇಲಿ ದೀಪ ಹಿಡಿಯೋದು ಯಾರು?" ವಿಮೆಯಮ್ಮ ಕಿಟಕಿಯತ್ತ ತಿರುಗಿದಳು. "ಅತ್ತಿಗೆ, ನೀವೇ ಅಲ್ವಾ?"

ಅತ್ತೆ ಕಂಬಿ ಹಿಡಿದುಕೊಂಡು ಗೊಳೋ ಎಂದು ಅತ್ತುಬಿಟ್ಟರು.

"ಯಾರಿಗೂ ಹೇಳಬಾರದು ಅಂತ ಈ ಮಗೂ ತಲೆ ಮೇಲೆ ಕೈ ಇಡಿಸಿ ಆಣೆ ಹಾಕಿಸ್ಕೊಂಡ್ರು ಕಣೇ! ಆಮೇಲೆ ಅದೇ ಮಗೂನ ಪಕ್ಕ ಕೂರಿಸ್ಕೊಂಡು ಕಾರು ಓಡಿಸ್ತೀನಿ ಅಂತಾರೆ. ಬೇಡ ಅಂದೆ, ಕೈ ಮುಗಿದೆ, ಕೇಳಲಿಲ್ಲ. ಬಾಯಿ ಬಿಟ್ರೂ ಮಗೂಗೆ ಕೇಡು, ಬಿಡದಿದ್ರೂ ಮಗೂಗೆ ಕೇಡು. ನಾನೇನು ಮಾಡಲಿ? ಇವರು ಸ್ನಾನಕ್ಕೆ ಹೋದಾಗ ಬಿಚ್ಚಿಕೊಂಡು ಬಂದೆ. ಅಳಿಯಂದ್ರೇ, ನಿಮ್ಮ ತಲೆ ಮೇಲೆ ಬರುತ್ತೆ ಅಂತ ಖಂಡಿತ ಎಣಿಸಿರಲಿಲ್ಲ."

ಅವರು ಹಿಟ್ಟಿನ ಡಬ್ಬದೊಳಗೆ ಕೈ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾರ್ಬುರೇಟರನ್ನು ಹೊರತೆಗೆದರು. ಕಿಟಕಿಯಿಂದ ಕೊಡಲು ನೋಡಿದರು. ಕಂಬಿಗಳ ನಡುವೆ ಅದು ತೂರಲಿಲ್ಲ.

"ಕದ್ದದ್ದು ಅತ್ತಿಗೆ," ಎಂದಳು ವಿಮೆಯಮ್ಮ. "ಆದ್ರೆ ಬಚ್ಚಿಟ್ಟದ್ದು ನೀನು ಅಣ್ಣ. ಈಗ ಬಾಗಿಲು ತೆಗಿ."

ಮಾವ ಕೀಲಿ ತೆಗೆದರು. ಹೆಬ್ಬೆರಳು ಬೀಗದ ಮೇಲೆ ತಡಕಾಡಿತು. ಕೀಲಿ ಜಾರಿ ಕೆಳಗೆ ಬಿತ್ತು. ಅಳಿಯ ಬಗ್ಗಿ ಎತ್ತಿ, ಮಾವನ ಕೈಗೇ ಕೊಡಲು ಹೋದ.

"ಬೇಡ. ನೀನೇ ತೆಗಿ." ಮಾವ ಅವನ ತೋಳು ಹಿಡಿದುಕೊಂಡರು, ಬಿಡಲಿಲ್ಲ. "ತಪ್ಪಾಯಿತಪ್ಪಾ. ಎಲ್ಲಿಗೂ ಹೋಗಬೇಡ."

ಶಟರ್ ಗರಗರ ಮೇಲೇರಿತು. ಗಾಳಿ ನುಗ್ಗಿತು. ಹೆಂಡತಿ ಬಂದು ಅಳಿಯನ ಪಕ್ಕದಲ್ಲಿ ನಿಂತಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಅವಳ ಕೈ ಹಿಡಿದುಕೊಂಡ. ಅತ್ತೆ ಪುಟ್ಟಿಯ ಕೈ ಹಿಡಿದು ಓಡಿಬಂದು ಕಾರ್ಬುರೇಟರನ್ನು ಗಂಡನ ಅಂಗೈಯಲ್ಲಿಟ್ಟರು. ಮಾವ ಅದರ ಮೈಯೆಲ್ಲ ಸವರಿ ನೋಡಿದರು. ಏನೂ ಆಗಿರಲಿಲ್ಲ.

"ಆ ಚೀಟಿಗಳು..." ಎಂದರು ಅಳಿಯನಿಗೆ. "ಮತ್ತೆ ಬರೆದು ಅಂಟಿಸ್ತೀಯಾ? ಅಂಗೈಯಗಲ ಅಕ್ಷರದಲ್ಲಿ."

"ಸಾಮಾನು ಮೊದಲಿದ್ದ ಜಾಗದಲ್ಲೇ ಇಟ್ಟು ಅಂಟಿಸ್ತೀನಿ ಮಾವ."

ಇಷ್ಟು ಹೊತ್ತು ದೊಡ್ಡವರ ರಂಪ ನೋಡಿ ಕಣ್ಣು ಪಿಳಿಪಿಳಿ ಬಿಡುತ್ತಿದ್ದ ಪುಟ್ಟಿ ತಾತನ ಪಂಚೆ ಜಗ್ಗಿದಳು. "ತಾತಾ, ಹಂಗಾದ್ರೆ ಸವಾರಿ?"

"ನಾಳೆ ಕಂದ. ಗೋಂದು ಒಣಗಲಿ. ನಿಮ್ಮಪ್ಪ ಓಡಿಸ್ತಾನೆ."

"ಮತ್ತೆ ನಾನು?"

"ಹಿಂದೆ, ನನ್ನ ಪಕ್ಕ." ಮಾವ ಕೆಳಗೆ ಕೂತು, ಮೊಮ್ಮಗಳ ಮುಖ ಕಾಣಲೆಂದು ತಲೆಯನ್ನು ಸ್ವಲ್ಪ ಓರೆ ಮಾಡಿದರು. "ದಾರೀಲಿ ಏನೇನಿದೆ ಅಂತ ನೀನು ನೋಡಿ ನೋಡಿ ನನಗೆ ಹೇಳ್ತಾ ಬರಬೇಕು. ಆಯ್ತಾ?"