ಹತ್ತು ಹತ್ತಕ್ಕೆ ಒಡೆದ ಕನ್ನಡಿ

ಕಾವಲುಗಾರ ದಾಸಯ್ಯ ಓಡಿಬಂದು ಕರೆದ ಮೇಲೆ ಜಗದಾಂಬಕ್ಕನೂ ನಾನೂ ನಡೆದೇ ಹೋದೆವು. ಹೆತ್ತೂರಿನ ಗುರುತ್ವ ಸಂಶೋಧನಾ ಕೇಂದ್ರದಲ್ಲಿ ಗುರುತ್ವದ ಅಲೆ ಹಿಡಿಯಲು ಗಾಜಿನ ಎಳೆಗಳಿಂದ ತೂಗುಹಾಕಿದ್ದ ಕನ್ನಡಿ ನೆಲಕ್ಕೆ ಬಿದ್ದು ಚೂರಾಗಿತ್ತು.

ಜಗದಾಂಬಕ್ಕ ನಿವೃತ್ತ ಸಬ್ ಇನ್ಸ್‌ಪೆಕ್ಟರ್, ಈ ಊರಿನವರೇ. ನಾನು ಶೀಲಾ, ಅವರ ನೆರೆಮನೆಯವಳು.

"ಮಾನಸಾನೇ ಒಡೆದದ್ದು," ಎಂದರು ಮುಖ್ಯಸ್ಥ ರಾಜಶೇಖರ್. "ಈ ಕೋಣೆಯ ಕೀ ಇರುವುದು ನಮ್ಮಿಬ್ಬರ ಹತ್ತಿರ ಮಾತ್ರ. ಕನ್ನಡಿ ಒಡೆದು ಯಂತ್ರ ನಿಂತದ್ದು ಹತ್ತು ಹತ್ತಕ್ಕೆ. ನನ್ನ ಜೀಪು ಗೇಟಿಗೆ ಬಂದದ್ದು ಹತ್ತೂವರೆಗೆ. ಪೊಲೀಸರು ಹೊರಟಿದ್ದಾರೆ."

ಸಂಶೋಧಕಿ ಮಾನಸಾ ಬಿಳಿಚಿಕೊಂಡಿದ್ದಳು. "ನಾನು ಗುಡ್ಡದ ಮೇಲಿದ್ದೆ," ಎಂದಳು. ಯಾಕೆಂದು ಕೇಳಿದರೆ ಬಾಯಿ ಬಿಡಲಿಲ್ಲ.

"ಜೀಪು ಬಂದಿದ್ದು ನೋಡ್ದೇನೋ ದಾಸಯ್ಯ?" ಎಂದು ಕೇಳಿದರು ಜಗದಾಂಬಕ್ಕ.

"ಇಲ್ಲ ಕಣಕ್ಕ, ಗೇಟ್ ತೆಗ್ದಿಟ್ಟು ಎಸ್ಟೇಟ್ ಲೈನ್ ಮನೆಗೆ ತಿಂಡಿಗೆ ಹೋಗ್ಬುಟ್ಟಿದ್ದೆ."

ಜಗದಾಂಬಕ್ಕ ಮಾನಸಾಳ ಕೈ ಹಿಡಿದು ನೋಡಿದರು. ಬೆರಳ ತುಂಬ ಕಪ್ಪು ಗ್ರೀಸು. "ಶೀಲಾ, ಬಾ," ಎಂದವರೇ ಗೇಟಿನ ಪಕ್ಕದ ಎಸ್ಟೇಟ್ ಪಂಪ್‌ಹೌಸಿಗೆ ನಡೆದರು. ಪಂಪಿನ ಹಿಂದೆ ಒಂದು ಪುಟ್ಟ ಪೆಟ್ಟಿಗೆ ಮಿಣುಕುತ್ತಿತ್ತು. ಅದರ ಮೇಲೆ 'ಕಂಪನ ಮಾಪಕ, ಎರಡರಲ್ಲಿ ಒಂದು, ಮಾನಸಾ' ಎಂದು ಬರೆದಿತ್ತು.

ಪೊಲೀಸ್ ಜೀಪು ಬಂದಾಗ ಎಲ್ಲರೂ ಕನ್ನಡಿಯ ಕೋಣೆಯಲ್ಲೇ ಸೇರಿದ್ದೆವು. ಜಗದಾಂಬಕ್ಕ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟರು.

"ಕಪ್ಪುಕುಳಿಗಳು ಡಿಕ್ಕಿಯಾದ ಅಲೆ ಈ ಕನ್ನಡೀನ ಅಲುಗಿಸ್ತು ಅಂತ ಸಾಹೇಬ್ರು ಲೇಖನ ಬರ್ದಿರೋದು ಊರಿಗೆಲ್ಲ ಗೊತ್ತು. ನಾಳೆ ತಜ್ಞರು ಪರೀಕ್ಷೆಗೆ ಬರ್ತಿದಾರೆ. ಆದ್ರೆ ಅಲುಗಿಸಿದ್ದು ಪಂಪು ಅಂತ ಈ ಹುಡುಗಿಗೆ ಅನುಮಾನ. ಸಾಹೇಬ್ರು ಬೇಡ ಅಂದ್ರೂ ಕೇಳ್ದೆ, ನೆಲದ ಕಂಪನ ಬರ್ಕೊಳೋ ಈ ಪೆಟ್ಗೆನ ಬೆಳಿಗ್ಗೆ ಅಲ್ಲಿಟ್ಟು, ಇನ್ನೊಂದ್ನ ಗುಡ್ಡದ ಮೇಲೆ ಇಡಕ್ಕೆ ಹೋದ್ಲು. ಗ್ರೀಸು ಪಂಪಿಂದು. ಬೈತಾರೆ ಅಂತ ಹೆದ್ರಿ ಸುಮ್ಮನಿದ್ಲು. ಅಲ್ವೇನಮ್ಮ?"

ಮಾನಸಾ ತಲೆಯಾಡಿಸಿ, ಪೆಟ್ಟಿಗೆಯನ್ನು ಲ್ಯಾಪ್‌ಟಾಪಿಗೆ ಜೋಡಿಸಿದಳು. ಪರದೆಯ ಮೇಲೆ ಗೆರೆ ಮೂಡಿತು; ವಾಹನ ಹಾದಾಗ ಅದು ನೆಗೆಯುತ್ತದೆ, ಇವತ್ತು ಪಂಪು ಓಡಿಲ್ಲ ಎಂದಳು. ಪೆಟ್ಟಿಗೆಯನ್ನು ನಾವು ತೆಗೆಯುವವರೆಗೆ ಆ ಬೆಳಿಗ್ಗೆ ಗೇಟು ದಾಟಿದ್ದು ಒಂದೇ ವಾಹನ: ಒಂಬತ್ತು ಐವತ್ತೆರಡಕ್ಕೆ. ಹತ್ತೂವರೆಯಲ್ಲಿ ಗೆರೆ ನೇರವಾಗಿತ್ತು.

"ಕನ್ನಡಿ ಒಡೆಯೋಕೆ ಹದಿನೆಂಟು ನಿಮಿಷ ಮುಂಚೆನೇ ನಿಮ್ಮ ಜೀಪು ಒಳಗೈತೆ ಸಾಹೇಬ್ರೆ. ಇನ್ನೊಂದು ಕೀ ಇರೋದು ನಿಮ್ಮತ್ರ. ಕನ್ನಡಿ ಇಲ್ದಿದ್ರೆ ಪರೀಕ್ಷೆ ಇಲ್ಲ, ಲೇಖನ ತಪ್ಪು ಅಂತ ಬಯಲಾಗಲ್ಲ. ತಪ್ಪು ಹುಡುಗಿ ತಲೆ ಮೇಲೆ."

ರಾಜಶೇಖರ್ ತಮ್ಮ ಕೀಯನ್ನು ಮೇಜಿನ ಮೇಲಿಟ್ಟರು. "ಇಪ್ಪತ್ತೆರಡು ವರ್ಷ ಕಾದಿದ್ದೆ, ಆ ಒಂದು ಅಲೆಗೆ," ಎಂದರು.

ಮಾನಸಾ ಫೋನ್ ತೆಗೆದು ತಜ್ಞರಿಗೆ ಕರೆ ಮಾಡಿದಳು.

"ಸರ್, ಕನ್ನಡಿ ಒಡೆದಿದೆ. ನಮಗೆ ಸಿಕ್ಕಿದ್ದು ಬಹುಶಃ ಪಂಪಿನ ಕಂಪನ, ಅಲೆ ಅಲ್ಲ. ಆ ಲೇಖನದಲ್ಲಿ ನನ್ನ ಹೆಸರೂ ಇದೆ. ಕಂಪನದ ದಾಖಲೆ ನೋಡಲು ದಯವಿಟ್ಟು ನಾಳೆ ಬನ್ನಿ."