ಹಿಂದಿನ ಸೀಟಿನ ಕಿಂಡಿ

“ಮೆಕ್ಯಾನಿಕ್ ಹಿಂದೆ ಬರ್ತಿದಾರಾ?”

ಅವನು ಅವಳೊಂದಿಗೆ ಆಡಿದ ಮೊದಲ ಮಾತು ಇದು. ಬೆಳಗಿನ ಏಳು ಗಂಟೆಗೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ, ಹೆಗಲಿಗೆ ಕೇಬಲ್ ಸುತ್ತಿಕೊಂಡು, ಕೈಗಾಡಿಯಲ್ಲಿ ದೊಡ್ಡದೊಂದು ಬ್ಯಾಟರಿ ಎಳೆದುಕೊಂಡು ಬಂದವಳನ್ನು ಕೇಳುವ ಪ್ರಶ್ನೆಯೇ ಅದು? ಮೊದಲೇ ಅವಳಿಗೆ ಸಿಟ್ಟು ಮೂಗಿನ ತುದಿಯಲ್ಲಿ.

“ಹಿಂದೆ ಯಾರೂ ಇಲ್ಲ. ಮುಂದೆ ನಾನಿದೀನಿ.”

ಅವನು ತಬ್ಬಿಬ್ಬಾದ. ಹಲ್ಲು ಕಿರಿದು ಜಾರಿಕೊಳ್ಳಲಿಲ್ಲ, ಸಬೂಬು ಹೇಳಲಿಲ್ಲ. “ತಪ್ಪಾಯ್ತು. ಹಾಗೆ ಕೇಳಬಾರದಿತ್ತು,” ಎಂದ.

ಇಷ್ಟು ನೇರವಾಗಿ ತಪ್ಪು ಒಪ್ಪಿಕೊಳ್ಳುವ ಗಂಡಸರನ್ನು ಅವಳು ತನ್ನ ಮೂವತ್ತೊಂದು ವರ್ಷದಲ್ಲಿ ಹೆಚ್ಚು ನೋಡಿರಲಿಲ್ಲ. ಸಿಟ್ಟು ಇಳಿಯಲು ಜಾಗ ಹುಡುಕತೊಡಗಿತು.

ಅವಳು ಕಾರುಗಳ ವೈರಿಂಗ್ ಕೆಲಸದವಳು. ಅಪ್ಪನ ಕಣ್ಣು ಮಂಜಾದ ಮೇಲೆ ಅಂಗಡಿಯ ಭಾರವೆಲ್ಲ ಅವಳದೇ. ಬೀದಿಯವರ ಬಾಯಲ್ಲಿ ಅವಳು ಕರೆಂಟಕ್ಕ. ಅವನು ಮನೆಮನೆಗೆ ಹೋಗಿ, ಬಿದ್ದು ಮೂಳೆ ಮುರಿದುಕೊಂಡವರಿಗೆ, ಕೈಕಾಲು ಸ್ವಾಧೀನ ತಪ್ಪಿದವರಿಗೆ ಮತ್ತೆ ನಡೆಯುವುದನ್ನು ಕಲಿಸುವ ಫಿಸಿಯೋ. ಎಲ್ಲರಿಗೂ ಡಾಕ್ಟ್ರು. ಒಂದು ತಿಂಗಳು ಬೇರೆ ಊರಿನಲ್ಲಿದ್ದು ಹಿಂತಿರುಗಿದರೆ, ಸೋದರಮಾವ ಕೊಟ್ಟ ಹಳೆಯ ದೊಡ್ಡ ಕಾರು ಜಪ್ಪಯ್ಯ ಅಂದರೂ ಅಲುಗದು.

“ಎಂಟು ಗಂಟೆಗೆ ಒಬ್ಬರು ಅಜ್ಜಿ ಕಾಯ್ತಿರ್ತಾರೆ,” ಎಂದ ಅವನು. “ನಾನು ಹೋಗದೆ ಹಾಸಿಗೆಯಿಂದ ಇಳಿಯೋದೇ ಇಲ್ಲ ಅಂತ ಹಟ.”

ಅವಳು ಕಾರನ್ನು ಒಂದು ಸುತ್ತು ನೋಡಿದಳು. ಆ ಕಾರಿನ ಬ್ಯಾಟರಿ ಇರುವುದು ಹಿಂದೆ, ಡಿಕ್ಕಿಯಲ್ಲಿ. ಡಿಕ್ಕಿಗೆ ಕೀಲಿಯ ತೂತಿಲ್ಲ, ಗುಂಡಿ ಒತ್ತಿದರಷ್ಟೇ ತೆರೆಯುತ್ತದೆ. ಗುಂಡಿಗೆ ಕರೆಂಟು ಬೇಕು. ಕರೆಂಟು ಡಿಕ್ಕಿಯೊಳಗೆ ಸತ್ತು ಮಲಗಿದೆ. ಹೇಗೋ ತೆಗೆಯೋಣವೆಂದರೆ ಪುಣ್ಯಾತ್ಮ ಕಾರಿನ ಬೆನ್ನನ್ನು ಗೋಡೆಗೆ ಅಂಟಿಸಿ ನಿಲ್ಲಿಸಿದ್ದ. ಮುಂದಕ್ಕೆ ತಳ್ಳಲು ಗೇರು ಬಿಡದು, ಅದಕ್ಕೂ ಕರೆಂಟೇ ಬೇಕು.

“ಆಗಲ್ವಾ?” ಅವನ ದನಿ ಸಣ್ಣದಾಯಿತು.

“ಆಗಲ್ಲ ಅಂತ ನಾನು ಹೇಳಿದ್ನಾ?”

ಅವಳು ಹಿಂದಿನ ಸೀಟಿಗೆ ನುಸುಳಿದಳು. ಸೀಟಿನ ನಡುವೆ ಮೊಣಕೈ ಊರುವ ದಿಂಬು ಇರುತ್ತದಲ್ಲ, ಅದನ್ನು ಮುಂದಕ್ಕೆ ಮಡಚಿದಳು. ಅದರ ಹಿಂದೆ ಪ್ಲಾಸ್ಟಿಕ್ಕಿನ ಮುಚ್ಚಳ. ತೆಗೆದರೆ ಅಂಗೈ ಅಗಲದ ಕಿಂಡಿ, ಅದರಾಚೆ ಡಿಕ್ಕಿಯ ಕತ್ತಲೆ. ಭುಜದವರೆಗೆ ತೋಳು ತೂರಿಸಿದಳು. ತಲೆ ಸೀಟಿಗೆ ಒತ್ತಿ, ಮುಖ ಅವನ ಕಡೆ ತಿರುಗಿತು. ಇನ್ನು ನೋಡುವಂತಿಲ್ಲ... ಮುಟ್ಟಿಯೇ ತಿಳಿಯಬೇಕು.

“ಟಾರ್ಚ್ ಹಾಕ್ಲಾ?”

“ಬೇಡ. ಮಾತೂ ಬೇಡ.”

ಅವಳು ಕಣ್ಣು ಮುಚ್ಚಿದಳು. ಬೆರಳುಗಳು ಚಾಪೆಯಡಿ ಹರಿದಾಡಿ ಬ್ಯಾಟರಿಯ ಮೇಲೆ ಕ್ಲಿಪ್ಪು ಕಚ್ಚಿಸುವ ಎರಡು ಮೊಳಕೆಗಳನ್ನು ಕಂಡುಕೊಂಡವು. ದಪ್ಪಗಿರುವುದು ಪ್ಲಸ್ಸು, ಸಣ್ಣದು ಮೈನಸ್ಸು. ತಪ್ಪಿದರೆ ಕಿಡಿ. ಎರಡನ್ನೂ ಮೂರು ಸಲ ಸವರಿ ನೋಡಿ, ಕೆಂಪು ಕ್ಲಿಪ್ಪು ಕಚ್ಚಿಸಿದಳು. ಆಮೇಲೆ ಕಪ್ಪು.

“ಹೊಡೀರಿ ಸ್ಟಾರ್ಟು.”

ಕಾರು ಒಮ್ಮೆ ಕೆಮ್ಮಿ, ಎದ್ದಿತು.

ಅವಳು ಕಣ್ಣು ತೆರೆದಾಗ ಅವನು ಮೀಟರನ್ನು ನೋಡುತ್ತಿರಲಿಲ್ಲ. ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ.

“ನಾನೂ ಹೀಗೇ, ಕಣ್ಣು ಮುಚ್ಕೊಂಡೇ ನರ ಹುಡುಕೋದು,” ಎಂದ ಮೆಲ್ಲಗೆ. “ಆದ್ರೆ ಇಷ್ಟು ಚೆನ್ನಾಗಿ ಬರೋಕೆ ನನಗೆ ಹತ್ತು ವರ್ಷ ಹಿಡೀತು. ನಿಮ್ಮ ಬೆರಳಿಗೆ ಕಣ್ಣಿದೆ.”

ಹೊಗಳಿಕೆ ಅವಳಿಗೆ ಹೊಸದಲ್ಲ. ‘ಹೆಣ್ಣಾಗಿ ಇದನ್ನೆಲ್ಲ ಮಾಡ್ತೀಯಲ್ಲಮ್ಮ’ ಎಂಬ ಹೊಗಳಿಕೆ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿತ್ತು. ಆದರೆ ಇವನು ಹೊಗಳಿದ್ದು ಕೆಲಸವನ್ನು, ಕೆಲಸ ಬಲ್ಲವನ ಹಾಗೆ. ಅವಳ ಕಿವಿಯ ತುದಿ ಬಿಸಿಯಾಯಿತು. ಅವಸರದಲ್ಲಿ ಕ್ಲಿಪ್ಪುಗಳನ್ನು ಎಳೆದುಕೊಂಡಳು. ಒಳಗೆಲ್ಲೋ ಸಣ್ಣಗೆ ‘ಟಕ್’ ಎಂದಿತು. ಜಾಕಿ ಅಲುಗಿರಬೇಕು ಎಂದುಕೊಂಡು ಮುಚ್ಚಳ ಹಾಕಿದಳು.

ಐದನೆಯ ದಿನ ಮತ್ತೆ ಫೋನು ಬಂತು.

“ಮತ್ತೆ ಸತ್ತಿದೆ ಮೇಡಂ... ಈ ಸಲ ಗೋಡೆಯಿಂದ ದೂರ ನಿಲ್ಲಿಸಿದೀನಿ.”

ಕೈಗಾಡಿ ಎಳೆಯುವ ಮುನ್ನ ಅವಳು ಅಂಗಡಿಯ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಸ್ಟೂಲಿನ ಮೇಲೆ ಕುಳಿತಿದ್ದ ಅಪ್ಪನಿಗೆ ಕಣ್ಣು ಮಂಜಾಗಿತ್ತು, ಬುದ್ಧಿಯಲ್ಲ. “ಬ್ಯಾಟರಿ ನೋಡೋಕೆ ಕೂದಲು ಬಾಚ್ಕೋಬೇಕೇನೇ?” ಎಂದ.

“ಸುಮ್ನಿರಪ್ಪ.”

ಆ ದಿನ ಕಿಂಡಿಯಿಂದಲೇ ಜೀವ ಕೊಟ್ಟು, ಡಿಕ್ಕಿ ತೆಗೆದು, ಮೀಟರ್ ಹಿಡಿದು ಎಲ್ಲಿ ಕರೆಂಟು ಸೋರುತ್ತಿದೆ ಎಂದು ಹುಡುಕಿದಳು. ಡಿಕ್ಕಿಯ ದೀಪ ಉರಿಯುತ್ತಿತ್ತು. ಡಿಕ್ಕಿ ತೆಗೆದಾಗ ಅದು ಉರಿಯಲೇಬೇಕು. ಲೆಕ್ಕ ತಪ್ಪಬಾರದೆಂದು ಬಲ್ಬನ್ನು ಕಳಚಿ ಅಳೆದಳು. ಒಂದು ತೊಟ್ಟೂ ಸೋರಿಕೆ ಇಲ್ಲ. ಬಲ್ಬನ್ನು ಜೋಪಾನವಾಗಿ ಮತ್ತೆ ಹಾಕಿದಳು.

ಅವನು ಮೇಲೆ ಮನೆಗೆ ಕರೆದು, ಕೈತೊಳೆಯಲು ನೀರು, ಸೋಪು ಕೊಟ್ಟು, ಟೀ ಮಾಡಿದ. ಸಕ್ಕರೆ ಹಾಕಲು ಮರೆತಿದ್ದ. ಅವಳು ಹೇಳಲಿಲ್ಲ. ಅವನು ಒಂದು ಗುಟುಕು ಕುಡಿದು, “ಹೇಳಬಾರದಾ?” ಎಂದು ನಕ್ಕ. ಆ ನಗು ಅವಳ ಜೊತೆಯಲ್ಲೇ ಅಂಗಡಿಗೆ ಬಂತು.

*ಮತ್ತೆ ಕೆಡಲಿ... ಛೆ, ಇದೇನು ಯೋಚನೆ! ಕೆಲಸದವಳು ಬಯಸುವ ಮಾತೇ?*

ಕೆಟ್ಟೇಬಿಟ್ಟಿತು. ನಾಲ್ಕೇ ದಿನಕ್ಕೆ.

ಈ ಸಲ ಮಾತ್ರ ಅವಳ ಮನಸ್ಸು ಹುಳಿಯಾಯಿತು. ಬ್ಯಾಟರಿ ಗಟ್ಟಿ, ಸೋರಿಕೆ ಇಲ್ಲ, ವೈರು ಸರಿ. ಹಾಗಿದ್ದ ಮೇಲೆ ಉಳಿಯುವುದು ಒಂದೇ... ಯಾರೋ ಬೇಕೆಂದೇ ಹೆಡ್‌ಲೈಟು ಉರಿಸಿಟ್ಟಿರಬೇಕು. ಎರಡು ವರ್ಷದ ಹಿಂದೆ ಒಂದು ಆಫೀಸಿನವರು ಹಾರ್ನು ಕೆಟ್ಟಿದೆಯೆಂದು ನಾಲ್ಕು ಸಲ ಕರೆಸಿದ್ದರು. ಅವಳು ಕಾರಿನಡಿ ಮಲಗಿದ್ದನ್ನು ಕಿಟಕಿಯಿಂದ ನೋಡಿ ನಗುವುದಷ್ಟೇ ಅವರ ಕೆಲಸ. ಆ ಗಾಯ ಇನ್ನೂ ಹಸಿಯಾಗಿತ್ತು.

ಕೆಲಸ ಮುಗಿಸಿ ಮೇಲೆ ಹೋದರೆ, ಅವನು ಬಾಗಿಲಿಗೆ ಅಡ್ಡವಾಗಿ ನಿಂತುಕೊಂಡ. ಒಳಗೆ ಕರೆಯಲಿಲ್ಲ. ನೀರನ್ನು ಹೊಸಿಲಲ್ಲೇ ತಂದುಕೊಟ್ಟ. ಕಣ್ಣು ತಪ್ಪಿಸುತ್ತಿದ್ದ. ಕಳ್ಳನ ಮುಖ ಬೇರೆ ಹೇಗಿರುತ್ತದೆ?

“ಒಂದು ಮಾತು ಕೇಳ್ತೀನಿ. ಲೈಟು ನೀವೇ ಉರಿಸಿಟ್ಟು ಬರ್ತಿದೀರಾ?”

“ಇಲ್ಲ. ದಿನಾ ಆರಿಸಿಯೇ ಬರ್ತೀನಿ.”

“ನನ್ನ ಮೀಟರ್ ಸುಳ್ಳು ಹೇಳಲ್ಲ, ಡಾಕ್ಟ್ರೇ. ನನ್ನ ಕೆಲಸ ಯಾರದೋ ಆಟ ಅಲ್ಲ. ನನ್ನನ್ನ ನೋಡಬೇಕು ಅಂದ್ರೆ ನೋಡಬೇಕು ಅಂತ ಹೇಳೋ ಧೈರ್ಯ ಬೇಕು.”

ಅವನ ಮುಖ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದ. ಮತ್ತೆ ಅದನ್ನೇ ಹೇಳಿದ: “ನಾನು ಆರಿಸಿದ್ದೆ.”

ಅವಳು ಮೆಟ್ಟಿಲಿಳಿದಳು. ಅತ್ತೇನೂ ಬಿಡಲಿಲ್ಲ, ಕೈಗಾಡಿಯ ಚಕ್ರಕ್ಕೆ ಒಂದು ಒದೆ ಕೊಟ್ಟಳು.

ಆಮೇಲೆ ಫೋನು ಬರಲಿಲ್ಲ. ನಾಲ್ಕು ದಿನ ಕಳೆಯಿತು, ಐದಾಯಿತು, ವಾರವಾಯಿತು. ನೋಡಿದೆಯಾ, ಬೈದ ಮೇಲೆ ಕಾರು ತಾನಾಗಿ ಸರಿಹೋಯಿತು ಎಂದು ಅವಳು ಮನಸ್ಸಿಗೆ ಹೇಳಿಕೊಂಡಳು. ಮನಸ್ಸಿಗೆ ಸಮಾಧಾನವಾಗಲಿಲ್ಲ.

ಎಂಟನೆಯ ದಿನ, ಗಿರಾಕಿಯೊಬ್ಬರ ಮನೆಗೆ ಹೋಗುವಾಗ, ನೆಲಮಹಡಿಯ ಕಿಟಕಿಯೊಂದರಲ್ಲಿ ಅವನು ಕಂಡ. ಅಜ್ಜಿಯೊಬ್ಬರು ನಡುಗುವ ಕೈಯಲ್ಲಿ ಲೋಟವೆತ್ತಿ ಕಪಾಟಿನ ಮೇಲಿಡಲು ಹೆಣಗುತ್ತಿದ್ದರು. ಅವನು ಅವರ ಮೊಣಕೈಯ ಕೆಳಗೆ ತನ್ನ ಅಂಗೈ ಹಿಡಿದಿದ್ದ, ತಾಗಿಸದೆ. ಕೈ ಕುಸಿದರೆ ಹಿಡಿಯಲಷ್ಟೇ. ಲೋಟ ಮೂರು ಸಲ ಜಾರಿತು. ಮೂರು ಸಲವೂ ಅವನು ಬಗ್ಗಿ ಎತ್ತಿಕೊಟ್ಟು, “ಅವಸರ ಇಲ್ಲ ಅಜ್ಜಿ,” ಎಂದ. ನಾಲ್ಕನೆಯ ಸಲ ಲೋಟ ಕಪಾಟಿನ ಮೇಲೆ ಕುಳಿತಾಗ ಅಜ್ಜಿಗಿಂತ ಅವನ ಮುಖವೇ ಹೆಚ್ಚು ಅರಳಿತು.

ಹೊರಬಂದವನ ಹೆಗಲಲ್ಲಿ ಭಾರದ ಚೀಲ. ಬೆವರಿಗೆ ಅಂಗಿ ಬೆನ್ನಿಗಂಟಿತ್ತು. ಕಾರು ಎಲ್ಲೂ ಇರಲಿಲ್ಲ. ಅವನು ನಡೆದುಕೊಂಡೇ ಹೊರಟ.

*ಕಾರು ಸರಿಹೋಗಿಲ್ಲ... ಇವನು ಸುಳ್ಳನಲ್ಲ.*

“ಅಪ್ಪ, ನನಗೆ ತಲೆ ಕೆಟ್ಟಿದೆ,” ಎಂದು ಅಂಗಡಿಗೆ ಬಂದು ಎಲ್ಲವನ್ನೂ ಹೇಳಿದಳು.

ಅಪ್ಪ ಹಳೆಯ ಬಲ್ಬೊಂದನ್ನು ಕಿವಿಯ ಹತ್ತಿರ ಅಲುಗಿಸಿ ಪರೀಕ್ಷಿಸುತ್ತ ಕೇಳಿಸಿಕೊಂಡ. “ಮೊದಲ ಸಲ ಯಾಕೆ ಸತ್ತಿತ್ತು?”

“ತಿಂಗಳು ನಿಂತಿತ್ತಲ್ಲ.”

“ಅದಕ್ಕೂ ಮುಂಚೆ?”

“ಯಾವತ್ತೂ ಇಲ್ವಂತೆ.”

“ಅಂದ್ರೆ ಈ ಕಾಯಿಲೆ ಶುರುವಾಗಿದ್ದು ನೀನು ಕೈ ಹಾಕಿದ ಮೇಲೆ. ಅವನ ಮನಸ್ಸಲ್ಲಿ ಏನಿದೆ ಅಂತ ಆಮೇಲೆ ನೋಡುವೆಯಂತೆ ಪುಟ್ಟಿ. ಮೊದಲು ನಿನ್ನ ಕೈ ಎಲ್ಲೆಲ್ಲಿ ತಾಗಿತು ಅಂತ ನೆನಪು ಮಾಡ್ಕೋ.”

ಟಕ್.

ಮೊದಲ ದಿನ ಕ್ಲಿಪ್ಪು ಎಳೆದಾಗ ಡಿಕ್ಕಿಯೊಳಗೆ ಆದ ಸದ್ದು ಅವಳಿಗೆ ನೆನಪಾಯಿತು.

ಮಾರನೆಯ ಬೆಳಗ್ಗೆ ಏಳಕ್ಕೆ ಅವಳೇ ಅವನ ಬಾಗಿಲು ತಟ್ಟಿದಳು. ಅವನು ಬಾಗಿಲು ತೆರೆದ. ಅವಳ ಮುಖ ನೋಡಿ ಕೀಲಿ ತೆಗೆದುಕೊಂಡ.

ಬೇಸ್‌ಮೆಂಟಿನಲ್ಲಿ ಅವಳು ಹಿಂದಿನ ಸೀಟಿಗೆ ನುಸುಳಿದಳು. ಕಿಂಡಿ ತೆರೆದಳು. ಒಳಗೆ ಕಗ್ಗತ್ತಲು. ತೋಳು ತೂರಿಸಿ, ದಪ್ಪ ಮೊಳಕೆಗೆ ಕೆಂಪು ಕ್ಲಿಪ್ಪು ಕಚ್ಚಿಸಿದಳು. ಸಣ್ಣದಕ್ಕೆ ಕಪ್ಪು ಕ್ಲಿಪ್ಪು ತಾಗುತ್ತಿದ್ದಂತೆ...

ಕಿಂಡಿಯಿಂದ ಹಳದಿ ಬೆಳಕು ಚೆಲ್ಲಿತು. ಅವಳ ತೋಳಿನ ಮೇಲೆ, ಸೀಟಿನ ಮೇಲೆ, ಬಗ್ಗಿ ನೋಡುತ್ತಿದ್ದ ಅವನ ಮುಖದ ಮೇಲೆ.

ಡಿಕ್ಕಿ ಮುಚ್ಚಿಯೇ ಇತ್ತು. ಒಳಗೆ ದೀಪ ಉರಿಯುತ್ತಿತ್ತು.

“ನಾನೇ...” ಎಂದಳು. “ಮೊದಲ ದಿನ ಅವಸರದಲ್ಲಿ ಕ್ಲಿಪ್ಪು ಎಳೆದಾಗ, ಡಿಕ್ಕಿ ಮುಚ್ಚಿದ್ರೆ ದೀಪ ಆರಿಸೋ ಸ್ವಿಚ್ಚಿಗೆ ತಾಗಿ ಅದು ಬಾಗಿದೆ. ಆಮೇಲೆ ಇದು ಹಗಲೂ ರಾತ್ರಿ ಉರೀತಿದೆ. ಕಿಂಡೀಲಿ ಕೈ ಹಾಕಿದಾಗೆಲ್ಲ ಕಣ್ಣು ಮುಚ್ಕೋತಿದ್ದೆ, ಈ ಬೆಳಕು ಕಾಣ್ಲಿಲ್ಲ. ಡಿಕ್ಕಿ ತೆಗೆದಾಗ ದೀಪ ಉರಿಯೋದು ಸಹಜ ಅಂತ ನಾನು ಅನುಮಾನಾನೇ ಪಡ್ಲಿಲ್ಲ. ನನ್ನ ತಪ್ಪನ್ನ ನಿಮ್ಮ ತಲೆಗೆ ಕಟ್ಟಿದೆ. ನೀವು ಚೀಲ ಹೊತ್ಕೊಂಡು ನಡೆದ್ರಿ... ತಪ್ಪಾಯ್ತು, ಡಾಕ್ಟ್ರೇ.”

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳೋಣವೆಂದರೆ ಒಂದು ಕೈ ಡಿಕ್ಕಿಯೊಳಗೆ, ಇನ್ನೊಂದು ಕೈ ತುಂಬ ಗ್ರೀಸು. ಅವನು ತನ್ನ ಕರವಸ್ತ್ರವನ್ನು ಅವಳ ಕೆನ್ನೆಗೆ ಮೆಲ್ಲಗೆ ಒತ್ತಿದ.

“ಯಾರಿಗೂ ಕಾಣದ ತಪ್ಪನ್ನ ಹುಡುಕ್ಕೊಂಡು ಬಂದು ಒಪ್ಪಿಕೊಂಡ್ರಲ್ಲ,” ಎಂದ. “ಬೆರಳಿಗಷ್ಟೇ ಕಣ್ಣಿದೆ ಅಂದ್ಕೊಂಡಿದ್ದೆ. ನಿಮ್ಮ ಮುಂದೆ ನಾನು ಸಣ್ಣವನಾದೆ.”

“ಯಾಕೆ?”

“ನನ್ನದೂ ಒಂದು ತಪ್ಪಿದೆ. ಬಂದೆ, ಇರಿ.”

ಅವಳು ಸ್ವಿಚ್ಚಿನ ಬಾಗಿದ ಕಡ್ಡಿಯನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅವನು ಮೇಲೆ ಹೋಗಿ ಒಂದು ಡಬ್ಬಿ ತಂದ. ಅಂಟು ಕಾಗದ ಕಿತ್ತಿರಲಿಲ್ಲ. ಸತ್ತ ಬ್ಯಾಟರಿಯ ಕಾರನ್ನು ಯಾರ ಸಹಾಯವೂ ಇಲ್ಲದೆ ಸ್ಟಾರ್ಟ್ ಮಾಡಿಕೊಳ್ಳುವ ಸಣ್ಣ ಯಂತ್ರ.

“ನೀವು ಎರಡನೇ ಸಲ ಬಂದು ಹೋದ ಮಾರನೇ ದಿನ ತಂದೆ,” ಎಂದ ತಲೆ ತಗ್ಗಿಸಿ. “ಕಿಂಡೀಲಿ ಕೈ ಹಾಕೋದು ನಿಮ್ಮನ್ನ ನೋಡಿಯೇ ಕಲ್ತಿದ್ದೆ. ಮೂರನೇ ಸಲ ಸತ್ತಾಗ ಇದನ್ನ ಕೈಗೆ ತಗೊಂಡೆ. ಆಮೇಲೆ ಕೆಳಗಿಟ್ಟು, ನಿಮಗೆ ಫೋನ್ ಮಾಡ್ದೆ.”

ಅವಳು ಅವನನ್ನೂ ಡಬ್ಬಿಯನ್ನೂ ನೋಡಿದಳು. “ಅದಕ್ಕೇನಾ ಅವತ್ತು ಬಾಗಿಲಿಗೆ ಅಡ್ಡ ನಿಂತಿದ್ದು?”

“ಚಪ್ಪಲಿ ಗೂಡಿನ ಮೇಲೇ ಇತ್ತು ಡಬ್ಬಿ.”

“ಈ ಸಲ ಸತ್ತಾಗಲಾದ್ರೂ ಬಿಚ್ಚಬಹುದಿತ್ತಲ್ಲ? ನಡೆಯೋ ಕರ್ಮ ಯಾಕೆ?”

“ಬಿಚ್ಚಿದ್ರೆ ನೀವು ಬರೋಕೆ ಕಾರಣವೇ ಉಳೀತಿರ್ಲಿಲ್ಲ.” ಅವನು ಈಗ ತಲೆ ಎತ್ತಿದ. “ಧೈರ್ಯ ಬೇಕು ಅಂದ್ರಲ್ಲ, ಈಗ ಹೇಳ್ತೀನಿ. ನೀವಂದ್ರೆ ನನಗೆ ಇಷ್ಟ. ಕಣ್ಣು ಮುಚ್ಚಿ ಕೆಲಸ ಮಾಡ್ತಿದ್ರಲ್ಲ, ಆವತ್ತಿಂದ. ಅದು ಆಟ ಆಗಿರ್ಲಿಲ್ಲ.”

ಅವಳಿಗೆ ಸಿಟ್ಟು ಬರಬೇಕಿತ್ತು. ಮೂಗಿನ ತುದಿಯಲ್ಲಿ ಹುಡುಕಿದಳು, ಸಿಗಲಿಲ್ಲ. ಅಳು, ನಗು ಎರಡೂ ಒಟ್ಟಿಗೇ ಬಂದವು.

“ನಾನೂ... ಮತ್ತೆ ಕೆಡಲಿ ಅಂತ ಬೇಡ್ಕೊಂಡಿದ್ದೆ,” ಎಂದಳು ಮೆಲ್ಲಗೆ.

ಅವಳು ಕಿಂಡಿಯಲ್ಲಿ ಬಗ್ಗಿ ನೋಡಿದಳು. ಡಿಕ್ಕಿಯೊಳಗೆ ಈಗ ಕತ್ತಲೆ.

“ಸರಿಯಾಯ್ತು. ಇನ್ನು ಸಾಯಲ್ಲ ನಿಮ್ಮ ಬ್ಯಾಟರಿ.”

“ಗೊತ್ತು. ಅದೇ ಬೇಜಾರು.”

“ಸಾಯದಿದ್ರೂ ನಾಳೆ ಏಳಕ್ಕೆ ಬರ್ತೀನಿ. ಒಳಗೆ ಕರೆದು ಟೀ ಕೊಡಬೇಕು. ಸಕ್ಕರೆ ಹಾಕಿ.”

“ಹಾಕ್ತೀನಿ. ಈ ಡಬ್ಬಿ ಏನ್ ಮಾಡ್ಲಿ? ವಾಪಸ್ ಕೊಡ್ಲಾ?”

ಅವಳು ಡಬ್ಬಿಯನ್ನು ತೆಗೆದುಕೊಂಡು, ಅಂಟು ಕಾಗದದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಇನ್ನಷ್ಟು ಗಟ್ಟಿ ಮಾಡಿ, ಅವನ ಕೈಗಿಟ್ಟಳು.

“ಹಾಗೇ ಇರ್ಲಿ,” ಎಂದಳು. “ಬಿಚ್ಚಬೇಡಿ.”