ಊಟದ ಬಿಡುವಿನಲ್ಲಿ ತುಂಬಿದ ಸಾಲುಗಳು

"ನನ್ನ ಸೆಷನ್ ಕೊಂದವರು ಯಾರು?!"

ಹರಿಪ್ರಿಯಾ ಕೂಗಿದ ರಭಸಕ್ಕೆ ಎಂ.ಟೆಕ್ ಲ್ಯಾಬಿನ ತಲೆಗಳೆಲ್ಲ ಒಮ್ಮೆಲೇ ತಿರುಗಿದವು.

"ಮೀ ಕೇಲಂ," ಎಂದು ಮರಾಠಿಯಲ್ಲಿ ಒಪ್ಪಿಕೊಂಡು ಎದ್ದು ನಿಂತವನು ವಿಜಯೇಂದ್ರ. ಲ್ಯಾಬ್ ನೋಡಿಕೊಳ್ಳುತ್ತಿದ್ದ ಸಂಶೋಧನಾ ವಿದ್ಯಾರ್ಥಿ. "ಆಪ್‌ನೇ ಕಮಿಟ್ ನಹೀ ಕಿಯಾ ಥಾ."

ತಪ್ಪು ಅವಳದೇ. ಡೇಟಾಬೇಸ್ ಓದುವವರು ಮಾಡಲೇಬಾರದಂಥ ತಪ್ಪು! ಈ ಮರಾಠಿ ಊರಿನ ಮಹಾಲ್ ಪೇಟೆಯ ಗಲ್ಲಿಗಳಲ್ಲಿ ಅಲೆದು ಬರೆದು ತಂದ ಇನ್ನೂರ ನಲವತ್ತು ಅಂಗಡಿಗಳ ವಿವರವನ್ನು ಬೆಳಗಿನಿಂದ ಟೈಪ್ ಮಾಡಿ, 'ಕಮಿಟ್' ಎಂಬ ಕೊನೆಯ ಆಜ್ಞೆ ಕೊಡದೆ ಚಹಾಕ್ಕೆ ಹೋಗಿದ್ದಳು. ಆ ಆಜ್ಞೆ ಬೀಳುವವರೆಗೆ ಉಳಿದವರಿಗೆ ಆ ಟೇಬಲ್, ಅಂದರೆ ಮಾಹಿತಿಯ ಪಟ್ಟಿ, ಬಂದ್. ಇಡೀ ತರಗತಿ ಕೈಕಟ್ಟಿ ಕೂತಿತ್ತು. ಅವನು ಅವಳ ಸೆಷನ್ ನಿಲ್ಲಿಸಿದ, ತುಂಬಿದ್ದೆಲ್ಲ ಅಳಿಸಿಹೋಯಿತು.

ಆದರೆ ನಮ್ಮ ಹುಡುಗಿಗೆ ಕೋಪ ಮೂಗಿನ ತುದಿಯಲ್ಲೇ!

"ಒಂದು ಮಾತು ಹೇಳಬಹುದಿತ್ತು... ಕಲ್ಲು ಮನುಷ್ಯ!" ಎಂದು ಕನ್ನಡದಲ್ಲೇ ಬೈದು, ಕೈಗೆ ಸಿಕ್ಕ ಒಂದು ಫಾರ್ಮಿನ ಹಿಂದೆ ಅದನ್ನೇ ಉದ್ದಕ್ಕೆ ಗೀಚಿ, ಫಾರ್ಮುಗಳ ಕಟ್ಟನ್ನು ಮೇಜಿನ ಮೇಲೆ ಬಿಟ್ಟು, ಅಪ್ಪನಿದ್ದ ಸದರ್ ಬಡಾವಣೆಯ ಮನೆಗೆ ಹೊರಟುಹೋದಳು.

ಅಂದು ಸಂಜೆಯೇ ಜ್ವರ. ಡೆಂಗಿ ಎಂದರು ಡಾಕ್ಟರು. ಪ್ರಾಜೆಕ್ಟ್ ಸಲ್ಲಿಸಲು ಹತ್ತೇ ದಿನವಿತ್ತು, ತಪ್ಪಿದರೆ ಒಂದು ಸೆಮಿಸ್ಟರ್ ಹೋದಂತೆ. ಮಲಗಿದಲ್ಲೇ ಅಳುತ್ತಿದ್ದಳು ಪಾಪ.

ಎಂಟನೆಯ ದಿನ ಲ್ಯಾಬಿಗೆ ಬಂದವಳು, ಈ ಸಲ ಬಿಟ್ಟುಬಿಡೋಣ ಎಂದುಕೊಂಡೇ ಕಂಪ್ಯೂಟರ್ ತೆರೆದಳು.

ಇನ್ನೂರ ನಲವತ್ತು ಸಾಲುಗಳು! ಒಂದೂ ಬಿಟ್ಟಿಲ್ಲ!

"ಮೈತ್ರೇಯಿ, ನೀನೇನೇ ತುಂಬಿದ್ದು?" ಗೆಳತಿಯ ಕೈ ಹಿಡಿದಳು.

"ಪಾಗಲ್! ನೀನು ಬರೆದಿದ್ದೆಲ್ಲ ಕನ್ನಡದಲ್ಲಿ. ನಾನು ಇಲ್ಲೇ ಹುಟ್ಟಿದವಳು, ನಂಗೆಲ್ಲಿ ಓದೋಕೆ ಬರುತ್ತೆ?"

ಹಾಗಾದರೆ ಯಾರು...? ಪ್ರತಿ ಸಾಲನ್ನೂ ಯಾರು, ಎಷ್ಟು ಹೊತ್ತಿಗೆ ತುಂಬಿದರೆಂದು ಡೇಟಾಬೇಸ್ ಬರೆದಿಟ್ಟಿರುತ್ತದೆ. ನೋಡಿದಳು. ದಿನವೂ ಒಂದರಿಂದ ಎರಡು ಗಂಟೆ, ಊಟದ ಬಿಡುವು. ಹೆಸರು ವಿಜಯೇಂದ್ರ.

ಅವನ ಮೇಜಿನ ಮುಂದೆ ಹೋಗಿ ನಿಂತಳು.

"ನಿಮಗೆ... ಕನ್ನಡ ಬರುತ್ತಾ?"

"ಮಾತಾಡಾಕ ಬರತೈತ್ರಿ. ಅಪ್ಪ ಧಾರವಾಡ ಕಡೆಯವ್ರು, ಇಲ್ಲೇ ಮದ್ದುಗುಂಡಿನ ಫ್ಯಾಕ್ಟರಿಯಾಗ ನೌಕರಿ. ಓದಾಕ ಬರ್ತಿರಲಿಲ್ಲ. ದಿನಾ ಸಂಜಿಗೆ ಅವ್ವನ ಕಡೆ ಕೂತು ಅಕ್ಷರ ಕಲಿತೆ."

"ಮತ್ತೆ ಒಂದು ದಿನಾನೂ ಕನ್ನಡ ಮಾತಾಡಲಿಲ್ಲ!"

"ನೀವು ಮೈಸೂರಿನವ್ರು. ನನ್ನ ಖಿಚಡಿ ಕನ್ನಡ ಕೇಳಿ ನಕ್ಕರ ಅಂತ..."

ನಗುವುದಿರಲಿ, ಅವಳ ಕಣ್ಣು ತುಂಬಿ ಬಂತು.

"ಅವತ್ತು ನಿಮ್ಮನ್ನ ಕಲ್ಲು ಮನುಷ್ಯ ಅಂದೆ."

"ಗೊತ್ತೈತಿ. ನೂರಾ ಅರವತ್ತನೇ ಫಾರ್ಮಿನ ಹಿಂದನೂ ಬರ್ದೀರಿ. ಅಷ್ಟು ಓದಾಕ ಹತ್ತು ಮಿನಿಟ್ ಬೇಕಾತು ನನಗ!"

"ಅಯ್ಯೋ! ಓದಿದ ಮೇಲೂ ಟೈಪ್ ಮಾಡಿದ್ರಾ?"

"ಇನ್ನೂ ಎಂಬತ್ತು ಉಳಿದಿದ್ದುವಲ್ರಿ."

ಏಳು ದಿನ ಊಟ ಬಿಟ್ಟು ಕೂತಿದ್ದಾನೆ, ಬೈಗುಳವನ್ನೂ ಓದಿಕೊಂಡು... ದೇವರೇ, ಇಂಥವನನ್ನೇ ನಾನು ಕಲ್ಲು ಅಂದೆನೇ? ಕೃತಜ್ಞತೆಯಿಂದ ಅವನನ್ನೇ ನೋಡಿದಳು. ಅದು ಬರೀ ಕೃತಜ್ಞತೆಯಲ್ಲ ಎಂದು ಅವಳಿಗೂ ಗೊತ್ತಾಗುತ್ತಿತ್ತು.

ಎರಡು ದಿನ ಬಿಟ್ಟು, ಕೊನೆಯ ಗಂಟೆಯಲ್ಲಿ, ಪ್ರಾಜೆಕ್ಟ್ ವರದಿ ಸಿದ್ಧವಾಯಿತು. ಖಾಲಿ ಉಳಿದದ್ದು ಧನ್ಯವಾದದ ಪುಟ ಮಾತ್ರ.

"ನಿಮ್ಮ ಹೆಸರಿನ ಮುಂದೆ ಏನಂತ ಬರೀಲಿ?" ಕೇಳಿದಳು.

"ಟೈಪ್ ಮಾಡಾಕ ಸಹಾಯ ಮಾಡಿದವ್ರು ಅಂತ ಬರೀರಿ. ಬಸ್."

"ವರದಿಗೆ ಅಷ್ಟು ಸಾಕು..." ದನಿ ತಗ್ಗಿತು. "ನಾಳೆ ನಿಮ್ಮನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ಅಪ್ಪ ಕೇಳಿದ್ರೆ ಏನಂತ ಹೇಳ್ಲಿ?"

ವಿಜಯೇಂದ್ರನ ಕಿವಿ ಕೆಂಪಾಯಿತು. "ನಿಮ್ಮ ಮನಸ್ಸಿನ್ಯಾಗ ಏನೈತಿ, ಅದನ್ನ ಹೇಳ್ರಿ."

"ನನ್ನವರು ಅಂತೀನಿ."

"ಹಂಗಾದ್ರ..." ಅವನು ಮೆಲ್ಲಗೆ ಅವಳ ಕೈ ಹಿಡಿದ. "ನಾಳೆ ಯಾಕ? ಇವತ್ತೇ ಹೋಗೂಣು ನಡೀರಿ."